ಮುಂದಕ್ಕೆ ಸರಿದ ದೀಪ

ಲೋಕದಲ್ಲಿ ಎಲ್ಲ ಕಡೆ ಹೆಂಗಸರನ್ನು ಹಿಂದೆ ನಿಲ್ಲಿಸಿ ಅವಮಾನ ಮಾಡಿದರೆ, ಗಾಲ್ಫ್ ಮೈದಾನದಲ್ಲಿ ಮಾತ್ರ ಮುಂದೆ ನಿಲ್ಲಿಸಿ ಅವಮಾನ ಮಾಡುತ್ತಿದ್ದರು. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಅಲ್ಲಿಂದ ಹೊರಟ ಚೆಂಡನ್ನು ದೂರದಲ್ಲಿ ಬಾವುಟ ನೆಟ್ಟ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಬೇಕು, ಹೀಗೆ ಒಂದಾದ ಮೇಲೊಂದು ಹಲವು ಕುಳಿಗಳು. ಗಂಡಸರ ಟೀ ಹಿಂದೆ, ಬಿಳಿ ಗುರುತು. ಹೆಂಗಸರದು ಅದಕ್ಕಿಂತ ಎಷ್ಟೋ ಮಾರು ಮುಂದೆ, ಕೆಂಪು ಗುರುತು. ಯಾವನಾದರೂ ಗಂಡಸು ಬೀಸಿದ ಚೆಂಡು ಆ ಕೆಂಪು ಗುರುತನ್ನೂ ದಾಟದೆ ನಿಂತರೆ ಮುಗಿಯಿತು, ಅವನ ಮಗಳ ಮದುವೆಯ ಊಟದಲ್ಲೂ ಗೆಳೆಯರು ಅದನ್ನೇ ಎತ್ತಿ ನಗುತ್ತಿದ್ದರು.

ಆ ಗೆರೆ ದಾಟಲು ಹೊರಟವರು ಮೊದಲೂ ಇದ್ದರು. ಗಂಡಸರ ಪಂದ್ಯಕ್ಕೆ ಹೋಗಿ ಬಿಳಿ ಗುರುತಿನಿಂದ ಹೊಡೆದ ಹೆಂಗಸರಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎರಡು ದಿನ ಆಡಿಸಿ ಮನೆಗೆ ಕಳಿಸಿದರು, ಆಮೇಲೆ ಅವರ ಧೈರ್ಯದ ಬಗ್ಗೆ ಬರೆದರು. ಸೋತವರ ಧೈರ್ಯದ ಬಗ್ಗೆ ಬರೆಯುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಹೆಂಗಸರ ಪಂದ್ಯಕ್ಕೆ ಹೋಗುತ್ತೇನೆಂದ ಗಂಡಸರಿಗೆ ಆ ಚಪ್ಪಾಳೆಯೂ ಸಿಗಲಿಲ್ಲ. ಇನ್ನು ಚಂದ್ರಕಲಾಳಂಥವರ ಪಾಡು ಕೇಳುವುದೇ ಬೇಡ. ಅವಳು ಗಂಡು ಹೆಸರಿನಲ್ಲಿ ಹುಟ್ಟಿ, ಕೆಲವು ವರ್ಷ ಗಂಡಸರ ಜೊತೆ ಆಡಿ, ಆಮೇಲೆ ಹೆಣ್ಣಾಗಿ ಬಾಳತೊಡಗಿದವಳು. ಬಿಳಿ ಗುರುತಿನವರು ನೀನು ನಮ್ಮವಳಲ್ಲ ಎಂದರು, ಕೆಂಪು ಗುರುತಿನವರು ನಿನ್ನನ್ನು ನಂಬುವುದು ಹೇಗೆ ಎಂದರು. ಅವಳು ಎರಡೂ ಗುರುತುಗಳ ನಡುವಿನ ಹುಲ್ಲಿನಲ್ಲಿ ನಿಂತೇ ಪ್ರಾಯ ಕಳೆದಳು.

ಇದೆಲ್ಲ 'ಸಮಬಲ' ಬರುವವರೆಗೆ. ಮೈಸೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ವಸುಮತಿ ಎಂಬ ದೇಹವಿಜ್ಞಾನಿ ಮತ್ತು ಅವರ ತಂಡದವರು ಅದನ್ನು ಕಟ್ಟಿದರು. ನೋಡಲು ಅದೊಂದು ತೆಳು ಬನಿಯನ್ನು, ಅಷ್ಟೇ. ತೊಟ್ಟುಕೊಂಡು ಅಳತೆಯ ಕೋಣೆಯಲ್ಲಿ ನಿಂತು ಚೆಂಡು ಹೊಡೆಯುವ ಕೋಲನ್ನು, ಅಂದರೆ ಕ್ಲಬ್ಬನ್ನು, ಕೆಲವು ಸಲ ಬೀಸಿದರೆ, ಸ್ನಾಯು ಎಷ್ಟು ಬಿಗಿಯುತ್ತದೆ, ಮೂಳೆ ಎಷ್ಟು ತಡೆಯುತ್ತದೆ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂಬುದನ್ನೆಲ್ಲ ಓದಿ ಒಂದು ಸಂಖ್ಯೆ ಕೊಡುತ್ತಿತ್ತು. ಅದಕ್ಕೆ ಬಲಾಂಕ ಎಂದು ಹೆಸರು. ಆಟದ ದಿನ ಮೈದಾನದ ಹುಲ್ಲಿನೊಳಗಿಂದ ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ದೀಪ ಮೇಲೇಳುತ್ತಿತ್ತು. ಬಲಾಂಕ ಹೆಚ್ಚಿದ್ದರೆ ದೀಪ ಹಿಂದೆ, ಕಡಿಮೆಯಿದ್ದರೆ ಮುಂದೆ. ನಿನ್ನ ಮೈಗೆ ಎಷ್ಟು ದೂರ ಕಷ್ಟವೋ ನನ್ನ ಮೈಗೂ ಅಷ್ಟೇ ಕಷ್ಟ, ಇನ್ನು ಕೈಚಳಕ ತೋರಿಸು ಎನ್ನುವುದು ಅದರ ನ್ಯಾಯ. ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನೇ ವಸುಮತಿ ಯಂತ್ರದಿಂದ ತೆಗೆದುಹಾಕಿದ್ದರು. ಯಂತ್ರಕ್ಕೆ ತಿಳಿಯದ್ದನ್ನು ಯಂತ್ರ ತಪ್ಪಾಗಿ ಬಳಸಲಾರದು ಎಂದು ಅವರು ಹೇಳುತ್ತಿದ್ದರು.

ಜನ ಮೊದಲು ನಕ್ಕರು. ತೊಟ್ಟಿಲ ಕೂಸಿಗೆ ಬನಿಯನ್ ತೊಡಿಸಿದರೆ ಬಲಾಂಕ ಸೊನ್ನೆ ಬಂದು ದೀಪ ಕುಳಿಯ ಬಾಯಲ್ಲೇ ಹತ್ತುತ್ತದೆ, ಕೂಸು ಸೀನಿದರೂ ಗೆದ್ದುಬಿಡುತ್ತದೆ ಎಂದು ತಮಾಷೆ ಹುಟ್ಟಿತು. ಆಮೇಲೆ ಒಂದೇ ಪಂದ್ಯದಲ್ಲಿ ಅರವತ್ತರ ಮುದುಕನೂ ಇಪ್ಪತ್ತರ ಹುಡುಗಿಯೂ ಭುಜಕ್ಕೆ ಭುಜ ಕೊಟ್ಟು ಆಡುವುದನ್ನು ಕಂಡು ನಗೆ ನಿಂತಿತು. ಗಂಡಸರ ಪಂದ್ಯ, ಹೆಂಗಸರ ಪಂದ್ಯ ಎಂಬ ಮಾತು ಹಳೆಯದಾಯಿತು. ಚಂದ್ರಕಲಾ ಅಳತೆಯ ಕೋಣೆಯಿಂದ ಹೊರಬಂದ ದಿನ ಮೆಟ್ಟಿಲ ಮೇಲೆ ಕೂತು ಅತ್ತಳಂತೆ. ಇಷ್ಟು ವರ್ಷ ಎಲ್ಲರೂ ನೀನು ಯಾರು ಅಂತ ಕೇಳಿದರು, ಇದು ಎಷ್ಟು ಅಂತ ಮಾತ್ರ ಕೇಳಿತು ಎಂದು ಅವಳೇ ಎಷ್ಟೋ ಜನರಿಗೆ ಹೇಳಿದ್ದಾಳೆ.

ಇಷ್ಟಾದರೂ ಕೆಂಪು ಗುರುತು ಎಂಬ ಬೈಗುಳ ಮಾತ್ರ ಉಳಿಯಿತು. ಮೈದಾನದಿಂದ ಗುರುತನ್ನು ಕಿತ್ತುಹಾಕಬಹುದು, ನಾಲಿಗೆಯಿಂದ ಕೀಳುವುದು ಕಷ್ಟ.

ಸಿದ್ದರಾಜುವಿನ ಮನೆ ಬೆಟ್ಟದ ಬುಡದಲ್ಲಿತ್ತು. ಅವನ ಅಪ್ಪ ಅಲ್ಲಿನ ಗಾಲ್ಫ್ ಮೈದಾನದಲ್ಲಿ ದೊಡ್ಡವರ ಚೀಲ ಹೊರುವ ಕ್ಯಾಡಿಯಾಗಿದ್ದ. ಅವ್ವ ದೇವೀರಮ್ಮ ಅದೇ ಮೈದಾನದಲ್ಲಿ ಕಳೆ ಕೀಳುತ್ತಿದ್ದಳು. ಸಿದ್ದರಾಜು ಅಪ್ಪನ ಹಿಂದೆ ಓಡಾಡಿಕೊಂಡೇ ಆಟ ಕಲಿತು, ವೃತ್ತಿಪರ ಆಟಗಾರನಾಗಿ, ತನ್ನ ಹೊಡೆತದ ಉದ್ದಕ್ಕೇ ಹೆಸರಾದವನು. ಅವನು ಬೀಸಿದರೆ ಚೆಂಡು ಸದ್ದಾದ ಎಷ್ಟೋ ಹೊತ್ತಿನ ಮೇಲೆ ನೆಲಕ್ಕೆ ಬೀಳುತ್ತದೆ ಎಂದು ಮೈಸೂರಿನವರು ಹೆಮ್ಮೆ ಪಡುತ್ತಿದ್ದರು. ಸಿಡಿಲು ಸಿದ್ದರಾಜು ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಅವನಿಗೆ ಬಂದದ್ದು ಒಂದು ಹಳೆಯ ಚೀಲ. ಈ ಹೆಸರು ಮಾತ್ರ ಅವನೇ ದುಡಿದುಕೊಂಡದ್ದು.

ಅವನ ಹೆಂಡತಿ ನೀಲವೇಣಿಯೂ ಆಟಗಾರ್ತಿ. ಮದುವೆಗೆ ಮೊದಲು ಅವಳನ್ನು ಕೆಂಪು ಗುರುತಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಣಕೈ ತಿದ್ದಿ ಕಲಿಸಿದವನು ಅವನೇ. ಅವನು ಬಲದಿಂದ ಹೊಡೆಯುತ್ತಿದ್ದ, ಅವಳು ಲೆಕ್ಕದಿಂದ. ಸಮಬಲ ಬಂದಾಗ ಅವನ ಬಲಾಂಕ ತೊಂಬತ್ತರ ಮೇಲೆ, ಅವಳದು ಎಪ್ಪತ್ತನಾಲ್ಕು. ಹೆಂಗಸರಲ್ಲಿ ಅಷ್ಟು ಬಂದವರು ವಿರಳ. ಗಂಡ ಹಿಂದಿನ ದೀಪದಿಂದ, ಹೆಂಡತಿ ಮುಂದಿನ ದೀಪದಿಂದ ಒಂದೇ ಪಂದ್ಯ ಆಡಿದರು. ಹಿಂದಿರುವವರು ಮೊದಲು ಹೊಡೆಯಬೇಕೆಂಬುದು ಆಟದ ರೂಢಿ. ಅವನು ಹೊಡೆದು ನಡೆದುಬಂದು ಅವಳ ಪಕ್ಕ ನಿಲ್ಲುತ್ತಿದ್ದ. ಆ ದಿನಗಳಲ್ಲಿ ಅವರಿಬ್ಬರಿಗೂ ಕೊರತೆ ಎಂಬುದು ತಿಳಿದಿರಲಿಲ್ಲ.

ಆಮೇಲೆ ಅವನಿಗೆ ಜ್ವರ ಬಂತು. ಎಲ್ಲರಿಗೂ ಬಂದು ಹೋಗುವಂಥ ಜ್ವರವೇ. ಆದರೆ ಹೋಗುವಾಗ ಹೃದಯದ ಸ್ನಾಯುವನ್ನು ಸಡಿಲ ಮಾಡಿ ಹೋಯಿತು. ವೈದ್ಯರು ಆಟ ಬಿಡಬೇಕಾಗಿಲ್ಲ, ಆದರೆ ಮೈಮೀರಿ ಏನೂ ಮಾಡಬಾರದು, ಮಾಡಿದರೆ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು ಎಂದು ಬಿಡಿಸಿ ಹೇಳಿದರು. ಮುಂದಿನ ಅಳತೆಯಲ್ಲಿ ಬಲಾಂಕ ಅರವತ್ತಾರಕ್ಕೆ ಇಳಿದಿತ್ತು. ಅಂದರೆ ಅವನ ದೀಪ ಹೆಂಡತಿಯ ದೀಪಕ್ಕಿಂತ ಮುಂದೆ.

ಆ ಸಲದ ಪಂದ್ಯ ಬೇರೆ ಊರಲ್ಲಿತ್ತು. ಚಂದ್ರಕಲಾ ಹೊಡೆದಳು, ನೀಲವೇಣಿ ಹೊಡೆದಳು, ಎಲ್ಲರೂ ಹೊಡೆದಾದ ಮೇಲೆ ಸಿದ್ದರಾಜು ಮುಂದೆ ನಡೆದುಹೋಗಿ ತನ್ನ ದೀಪದ ಬಳಿ ನಿಂತ. ಹಗ್ಗದಾಚೆ ಯಾರೋ ಕಿಸಕ್ಕೆಂದರು. ಆಟ ಮುಗಿಸಿ ಬಂದು ನೋಡಿದರೆ ಅವನ ಚೀಲಕ್ಕೆ ಯಾರೋ ಹಸಿರು ಗಾಜಿನ ಬಳೆಗಳ ಪೊಟ್ಟಣ ಕಟ್ಟಿಹೋಗಿದ್ದರು. ಅವನು ನಕ್ಕ. ಮನೆಗೆ ಬಂದು ಆ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದ. ದೇವೀರಮ್ಮ ಅದನ್ನು ಎತ್ತಿಕೊಂಡಳು.

"ಗಾಜಿನ ಬಳೆ ಮ್ಯಾಲೆ ಏನ್ಲಾ ಮುನಿಸು? ಚೆಂದಾಗವೆ. ನೀಲಂಗೆ ಆಯ್ತವೆ," ಎಂದು ತಾನೇ ಸೊಸೆಯ ಕೈ ಹಿಡಿದು ಒಂದೊಂದಾಗಿ ಏರಿಸಿದಳು. ನೀಲವೇಣಿ ಅವುಗಳನ್ನು ತೆಗೆಯಲಿಲ್ಲ. ಮೈದಾನದಲ್ಲಿ ಕೆಲವು ಒಡೆದವು, ಉಳಿದವು ಉಳಿದವು.

ಸಿದ್ದರಾಜು ಆ ರಾತ್ರಿಯ ಊಟಕ್ಕೆ ಏಳಲಿಲ್ಲ. ಕೆಟ್ಟ ಮನುಷ್ಯ ಅವನಲ್ಲ. ಹೆಂಡತಿ ಗೆದ್ದ ಬಟ್ಟಲುಗಳನ್ನು ತಾನೇ ಒರೆಸಿ ಜೋಡಿಸಿಡುತ್ತಿದ್ದವನು. ಆದರೆ ಒಳಗೆಲ್ಲೋ ಒಂದು ಗೆರೆ ಇರುತ್ತದೆ, ತುಳಿಯುವವರೆಗೆ ಅದು ಇದೆಯೆಂದೇ ತಿಳಿಯುವುದಿಲ್ಲ.

ಮುಂದಿನ ಅಳತೆಯಲ್ಲಿ ಅವನ ಬಲಾಂಕ ಎಂಬತ್ತಕ್ಕೆ ಏರಿತು. ಮನೆಯಲ್ಲಿ ಪಾಯಸ ಮಾಡಿದರು. ವೈದ್ಯರಿಗೂ ಆ ಸಂಖ್ಯೆಯ ಮೇಲೆ ನಂಬಿಕೆ, ಹೃದಯ ತಾನಾಗಿ ಗಟ್ಟಿಯಾಗುತ್ತಿದೆ ಎಂದು ಔಷಧಿ ಇಳಿಸಿದರು. ನೀಲವೇಣಿ ಅವನ ಉಸಿರಾಟಕ್ಕೆ ಕಿವಿಗೊಟ್ಟು ಮಲಗುವುದನ್ನು ಬಿಟ್ಟಳು. ದೀಪ ಮತ್ತೆ ಹಿಂದಕ್ಕೆ ಹೋಯಿತು, ಸಿಡಿಲು ವಾಪಸು ಬಂತು ಎಂದು ಅಭಿಮಾನಿಗಳು ಕೂಗಿದರು. ಆಟ ಮಾತ್ರ ಕೆಡುತ್ತಾ ಬಂತು. ಆ ದೂರಕ್ಕೆ ತಕ್ಕಷ್ಟು ಹೊಡೆತ ಬೀಳುತ್ತಿರಲಿಲ್ಲ. ಜ್ವರದಲ್ಲಿ ಕೈ ಲಯ ಮರೆತಿದೆ, ಬರುತ್ತದೆ ಎಂದು ಅವನು ಹೇಳಿದ. ಎಲ್ಲರೂ ನಂಬಿದರು.

ನಂಬದೆ ಕೂತವರು ವಸುಮತಿ. ನಿಯಂತ್ರಣ ಕೊಠಡಿಯಲ್ಲಿ ಅವರ ಮುಂದಿನ ಪರದೆಯ ಮೇಲೆ ದೇಶದ ಎಲ್ಲ ಆಟಗಾರರೂ ಚುಕ್ಕಿಗಳಾಗಿ ಹರಡಿಕೊಂಡಿದ್ದರು. ಅಡ್ಡ ಸಾಲಿನಲ್ಲಿ ಬಲಾಂಕ, ನೆಟ್ಟ ಸಾಲಿನಲ್ಲಿ ಆಟ. ಸಮಬಲದ ದೊಡ್ಡ ಭಯ ಒಂದೇ ಆಗಿತ್ತು, ಅಳತೆಯ ದಿನ ಬೇಕೆಂದೇ ಮೆತ್ತಗೆ ಬೀಸಿ, ಬಲ ಮುಚ್ಚಿಟ್ಟು, ಹತ್ತಿರದ ದೀಪ ಹೊಡೆದುಕೊಳ್ಳುವವರದು. ಅಂಥವರನ್ನು ಹಿಡಿಯಲು ತಂಡ ವರ್ಷಗಟ್ಟಲೆ ಕೆಲಸ ಮಾಡಿತ್ತು. ತನ್ನ ಬಲಾಂಕಕ್ಕಿಂತ ಉದ್ದಕ್ಕೆ ಹೊಡೆದವರ ಚುಕ್ಕಿ ತಕ್ಷಣ ಕೆಂಪಾಗುತ್ತಿತ್ತು. ಕಡಿಮೆ ಹೊಡೆದವರ ಚುಕ್ಕಿ ಸುಮ್ಮನಿರುತ್ತಿತ್ತು, ಏಕೆಂದರೆ ಕೆಟ್ಟ ಆಟ ಆಡುವುದು ಅಪರಾಧವಲ್ಲ.

ಅವತ್ತು ಅವರು ಕೆಂಪು ಚುಕ್ಕಿ ಹುಡುಕುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ಎಪ್ಪತ್ತರ ಕೆಳಗೆ ಚುಕ್ಕಿಗಳು ಒತ್ತಾಗಿದ್ದವು, ಎಂಬತ್ತರ ಮೇಲೆ ಇನ್ನೂ ಒತ್ತಾಗಿದ್ದವು. ನಡುವೆ, ಎಪ್ಪತ್ತರಿಂದ ಎಂಬತ್ತರವರೆಗೆ, ಕೆಲವೇ ಚುಕ್ಕಿಗಳು. ಮೈಯ ಬಲ ಹಾಗೆ ಹಂಚಿಕೆಯಾಗುವುದಿಲ್ಲ. ಪ್ರಕೃತಿ ಗುಡ್ಡ ಮಾಡುತ್ತದೆ, ಅಗಳು ತೋಡುವುದಿಲ್ಲ. ಎಂಬತ್ತರ ಅಂಚಿನಲ್ಲಿ ಕೂತ ಚುಕ್ಕಿಗಳನ್ನು ಒಂದೊಂದಾಗಿ ತೆರೆದು ನೋಡಿದರು. ಎಲ್ಲರ ಆಟವೂ ತಮ್ಮ ಬಲಾಂಕಕ್ಕಿಂತ ಕೆಳಗೆ, ಪಂದ್ಯದ ಮೇಲೆ ಪಂದ್ಯ, ತಪ್ಪದೆ. ಇವರು ಗಂಡಸರೋ ಹೆಂಗಸರೋ ಎಂದು ಯಂತ್ರವನ್ನು ಕೇಳುವಂತಿರಲಿಲ್ಲ, ಆ ಪ್ರಶ್ನೆಯನ್ನು ತೆಗೆದವರು ತಾವೇ. ಹೆಸರುಗಳನ್ನು ಓದಿಕೊಂಡರು. ಎಲ್ಲ ಗಂಡಸರು. ಅಗಳು ಶುರುವಾಗುವುದು ದೇಶದ ಅತಿ ಬಲಿಷ್ಠ ಹೆಂಗಸರು ನಿಂತ ಜಾಗದಿಂದ. ಯಾರೂ ಹೇಳಿಕೊಡದ ಆ ಹಳೆಯ ಗೆರೆ ತಾನಾಗಿ ಪರದೆಯ ಮೇಲೆ ಮೂಡಿತ್ತು, ಗಂಡಸರು ಅದನ್ನು ಹಾರಿ ಆಚೆ ಬಿದ್ದಿದ್ದರು.

ಬಲ ಮುಚ್ಚಿಡುವವರನ್ನು ಹಿಡಿಯಲು ಇಷ್ಟು ಜಾಣತನ ಖರ್ಚು ಮಾಡಿದ ತಂಡದಲ್ಲಿ, ಇಲ್ಲದ ಬಲವನ್ನು ತೋರಿಸುವವನು ಹುಟ್ಟುತ್ತಾನೆಂದು ಒಬ್ಬರಿಗೂ ಹೊಳೆದಿರಲಿಲ್ಲ. ನಷ್ಟವಾಗುವ ಕಡೆಗೆ ಯಾರು ಮೋಸ ಮಾಡುತ್ತಾರೆ? ಹಾಗಾಗಿ ಆಟದ ದಿನ ಉದ್ದೀಪನ ಮದ್ದಿನ ಪರೀಕ್ಷೆ ಇತ್ತು, ಅಳತೆಯ ದಿನ ಇರಲಿಲ್ಲ. ವಸುಮತಿ ತಮ್ಮ ಹಣೆ ತಾವೇ ಒತ್ತಿಕೊಂಡರು. ಆಮೇಲೆ ಆ ಅಂಚಿನಲ್ಲಿದ್ದ ಒಂದು ಹೆಸರಿನ ಮೇಲೆ ಅವರ ಕಣ್ಣು ನಿಂತಿತು. ಉಳಿದವರೆಲ್ಲ ಮುಪ್ಪಿಗೆ, ಮಂಡಿನೋವಿಗೆ ಅಂಜಿ ಹಾರಿದವರು. ಸಿದ್ದರಾಜುವಿನದು ಹೃದಯ.

ಮಾರನೆಯ ಮಧ್ಯಾಹ್ನ ಅವರು ಬೆಟ್ಟದ ಬುಡದ ಮನೆಗೆ ಬಂದರು. ಬೆಟ್ಟದ ಹೆಸರಿನ ಬಹುಮಾನದ ಬಟ್ಟಲಿಗಾಗಿ ನಡೆಯುವ, ಎಲ್ಲರೂ ಕಪ್ಪು ಎಂದೇ ಕರೆಯುವ, ಇಡೀ ವರ್ಷದಲ್ಲೇ ದೊಡ್ಡ ಪಂದ್ಯ ಆ ವಾರವೇ ಇತ್ತು. ದೇವೀರಮ್ಮ ಕಾಫಿ ಕೊಟ್ಟಳು. ವಸುಮತಿ ಸುತ್ತಿ ಬಳಸದೆ, ಅಳತೆಗೆ ಬರುವ ಮುಂಚೆ ಏನು ತೆಗೆದುಕೊಂಡಿರಿ ಎಂದು ಕೇಳಿದರು. ನೀಲವೇಣಿ ಬಾಗಿಲಲ್ಲೇ ನಿಂತಳು. ಸಿದ್ದರಾಜು ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ, ಒಂದೇ ಏಟಿಗೆ ಒಪ್ಪಿಕೊಂಡ. ಗರಡಿಮನೆಯ ಹಳೆಯ ಗೆಳೆಯನೊಬ್ಬ ಎದೆಬಡಿತ ಏರಿಸುವ ಸೂಜಿಮದ್ದು ತರಿಸಿಕೊಡುತ್ತಿದ್ದ. ಅಳತೆಗೆ ಮುಂಚೆ ಒಂದು ಚುಚ್ಚಿಕೊಂಡರೆ ಸ್ವಲ್ಪ ಹೊತ್ತು ಹಳೆಯ ಸಿದ್ದರಾಜು ಬರುತ್ತಿದ್ದ. ಬೀಸಿ ಮುಗಿಸಿ ಬಂದಮೇಲೆ ಎರಡು ದಿನ ಮಲಗುತ್ತಿದ್ದ. ಅಳತೆಯ ಆಯಾಸ ಎಂದು ಮನೆಯಲ್ಲಿ ಹೇಳುತ್ತಿದ್ದ.

ಅದು ದಣಿದ ಎತ್ತಿಗೆ ಚಾವಟಿ ಹೊಡೆದ ಹಾಗೆ, ಇನ್ನೊಮ್ಮೆ ಹೀಗೆ ಮಾಡಿದರೆ ಹೃದಯ ತಡೆಯುವುದಿಲ್ಲ ಎಂದರು ವಸುಮತಿ.

"ನಾನು ಆ ಸಂಖ್ಯೆ ನಂಬ್ಕೊಂಡು ನಿದ್ದೆ ಮಾಡ್ತಿದ್ದೆ," ಎಂದಳು ನೀಲವೇಣಿ. ಅವಳ ದನಿ ಏರಲಿಲ್ಲ. "ನಿಮ್ಮ ಉಸಿರು ಕೇಳೋದು ಬಿಟ್ಟೆ. ಡಾಕ್ಟ್ರು ಮಾತ್ರೆ ಇಳಿಸಿದಾಗ ದೇವರಿಗೆ ಕೈ ಮುಗಿದೆ."

"ಹೆಂಗಸರ ಜಾಗದಲ್ಲಿ ನಿಂತು ಹೊಡಿ ಅಂತೀಯ ವೇಣಿ? ಮೈಸೂರು ಜನದ ಮುಂದೆ?"

"ಆ ಜಾಗದಲ್ಲೇ ಅಲ್ವಾ ನಾನು ಇಷ್ಟು ವರ್ಷ ನಿಂತಿದ್ದು? ನೀವೇ ಅಲ್ವಾ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ನಿಲ್ಲಿಸಿದ್ದು? ಅದು ಪ್ರಾಣ ಬಿಟ್ಟಾದ್ರೂ ತಪ್ಪಿಸ್ಕೋಬೇಕಾದಷ್ಟು ಕೀಳು ಜಾಗ ಅಂತ ಅವತ್ತು ಯಾಕೆ ಹೇಳಲಿಲ್ಲ?"

"ನಿನಗೆ ಕೀಳಲ್ಲ. ನನಗೆ."

"ಹಂಗಂದ್ರೆ ಅದೇ ಅಲ್ವಾ ರೀ."

ಅವಳನ್ನು ಅವನು ಕೀಳಾಗಿ ನೋಡಿದ್ದು ಅವನ ಬಾಳಿನಲ್ಲಿ ಒಂದು ದಿನವೂ ಇಲ್ಲ ಎಂದು, ಯಾರಾದರೂ ಕೇಳಿದ್ದರೆ, ಅವನು ಆಣೆ ಮಾಡುತ್ತಿದ್ದ, ಆ ಆಣೆ ಸುಳ್ಳೂ ಆಗುತ್ತಿರಲಿಲ್ಲ. ಆದರೂ ಅವಳು ಕೇಳಿದ್ದು ನಿಜವಾಗಿತ್ತು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆಂದು ಅವನಿಗೆ ತಿಳಿಯಲಿಲ್ಲ.

ಈಗಲೇ ಸದ್ದಿಲ್ಲದೆ ಮರು ಅಳತೆ ಮಾಡಿಬಿಡುತ್ತೇನೆ ಎಂದರು ವಸುಮತಿ. ಕಪ್ಪು ಮುಗಿಯಲಿ ಎಂದ ಸಿದ್ದರಾಜು. ಅಪ್ಪ ಚೀಲ ಹೊತ್ತ ಮೈದಾನದಲ್ಲಿ ಒಂದೇ ಒಂದು ಸಲ ಹಿಂದಿನ ದೀಪದಿಂದ ಆಡಿ ಆಮೇಲೆ ಹೇಳಿದ ಕಡೆ ನಿಲ್ಲುತ್ತೇನೆ ಎಂದು ಬೇಡಿಕೊಂಡ. ನೀಲವೇಣಿ ತಡೆಯಲಿಲ್ಲ, ತಡೆದರೆ ನಿಲ್ಲುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಆಟದ ದಿನವೂ ಬನಿಯನ್ ಅವನ ಮೈಮೇಲಿರುತ್ತದೆ, ಎದೆಬಡಿತ ಮಿತಿ ದಾಟಿದ ಕೂಡಲೇ ದೀಪ ಆರಿಸುತ್ತೇನೆ, ದೀಪ ಆರಿದರೆ ಆಟ ಮುಗಿದ ಹಾಗೆ ಎಂದು ವಸುಮತಿ ಅವನಿಂದ ಮಾತು ತೆಗೆದುಕೊಂಡು ಹೋದರು. ಅವರು ಹೋದಮೇಲೆ ದೇವೀರಮ್ಮ ಮಗನ ತಟ್ಟೆಗೆ ಮುದ್ದೆ ಹಾಕಿ, ಅವನು ಉಣ್ಣುವವರೆಗೂ ಎದುರಿಗೇ ಕೂತಿದ್ದಳು.

ಕಪ್ಪಿನ ಕೊನೆಯ ದಿನ ಸಿದ್ದರಾಜು, ಚಂದ್ರಕಲಾ, ನೀಲವೇಣಿ ಮೂವರೂ ಒಂದೇ ಗುಂಪಿನಲ್ಲಿ ಬಿದ್ದರು. ಹೆಂಗಸರಿಬ್ಬರೂ ಗೆಲುವಿನ ಹತ್ತಿರದಲ್ಲಿದ್ದರು. ಸಿದ್ದರಾಜು ಹಲ್ಲು ಕಚ್ಚಿ ಜೊತೆಗೆ ಬರುತ್ತಿದ್ದ. ನಿಯಂತ್ರಣ ಕೊಠಡಿಯಲ್ಲಿ ವಸುಮತಿ ಅವನ ಎದೆಬಡಿತದ ಗೆರೆಯನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಕೊನೆಯದಕ್ಕೆ ಮುಂಚಿನ ಕುಳಿಯಲ್ಲಿ ಒಂದು ಹೊಡೆತ ಹೊಡೆದು ಅವನು ಹುಲ್ಲಿನ ಮೇಲೆ ಕೂತುಬಿಟ್ಟ. ಗೆರೆ ಮಿತಿಯನ್ನು ಮುಟ್ಟಿತು, ದಾಟಲಿಲ್ಲ. ಅವರ ಬೆರಳು ಗುಂಡಿಯ ಮೇಲಿತ್ತು.

ಕೊನೆಯ ಕುಳಿಯಲ್ಲಿ ಮೂರು ದೀಪ ಎದ್ದವು. ಎಲ್ಲಕ್ಕಿಂತ ಹಿಂದಿನದು ಸಿದ್ದರಾಜುವಿನದು. ಹಗ್ಗದಾಚೆಯ ಜನ ಸಿಡಿಲು, ಸಿಡಿಲು ಎಂದು ತಾಳ ಹಾಕಿ ಕೂಗತೊಡಗಿದರು. ಅವನು ಚೆಂಡು ಕೂರಿಸುವ ಪುಟ್ಟ ಮೊಳೆ ನೆಟ್ಟು, ಚೆಂಡಿಟ್ಟು, ಕ್ಲಬ್ ಹಿಡಿದು ನಿಂತ. ತಲೆ ಎತ್ತಿ ನೋಡಿದ. ಮುಂದೆ ಹೆಂಡತಿ ತನ್ನ ದೀಪದ ಪಕ್ಕ ನಿಂತು ಅವನನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಅವನ ಕೈಯನ್ನಲ್ಲ, ಎದೆಯನ್ನು. ಆಟ ಕಲಿಸಿದ ಗುರುವನ್ನು ಅವಳು ಹಾಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಕಪ್ಪು, ಗೆಲುವು ಯಾವುದೂ ಅವಳ ಕಣ್ಣಲ್ಲಿ ಇರಲಿಲ್ಲ, ಬರೀ ಹೆದರಿಕೆ ಇತ್ತು. ಅದನ್ನು ಅಲ್ಲಿಗೆ ತಂದಿಟ್ಟವನು ತಾನು ಎಂದು ಅವನಿಗೆ ಆಗ ಅರ್ಥವಾಯಿತು.

ಅವನು ಬಗ್ಗಿ ಚೆಂಡು ಎತ್ತಿಕೊಂಡ. ಮೊಳೆ ಕಿತ್ತ. ಅಪ್ಪನ ಚೀಲ ಹೆಗಲಿಗೇರಿಸಿ ಮುಂದಕ್ಕೆ ನಡೆದ. ಜನರ ಕೂಗು ನಿಂತಿತು. ಚಂದ್ರಕಲಾಳ ದೀಪ ದಾಟಿದ. ತೀರ್ಪುಗಾರ ಓಡಿಬಂದು, ತನ್ನ ದೀಪಕ್ಕಿಂತ ಮುಂದಿನಿಂದ ಹೊಡೆದರೆ ಪಂದ್ಯದಿಂದಲೇ ಹೊರಗೆ, ನಿಯಮ ಗೊತ್ತಲ್ಲ ಎಂದು ಎಚ್ಚರಿಸಿದ. ಗೊತ್ತು ಎಂದು ತಲೆಯಾಡಿಸಿ ಅವನು ನಡೆಯುತ್ತಲೇ ಇದ್ದ. ತೀರ್ಪುಗಾರ ಅಡ್ಡ ನಿಲ್ಲಲು ಹೋದಾಗ ಚಂದ್ರಕಲಾ ಅವನ ತೋಳು ಹಿಡಿದಳು.

"ಬಿಡಿ ಸಾರ್, ಹೋಗ್ಲಿ. ಇಷ್ಟು ಜನ ನೋಡ್ತಿರುವಾಗ ಅಲ್ಲಿಂದ ಇಲ್ಲಿಗೆ ನಡೆಯೋದು ಎಷ್ಟು ಉದ್ದ ಅಂತ ನನಗೆ ಗೊತ್ತು."

ಅವನು ನೀಲವೇಣಿಯ ದೀಪವನ್ನೂ ದಾಟಿದ. ದಾಟಿ ಸ್ವಲ್ಪ ದೂರ ಹೋಗಿ ನಿಂತು ಹಿಂತಿರುಗಿದ.

"ವೇಣಿ, ಇಲ್ಲಿ ಸರಿಯಾಗುತ್ತಾ?"

ಅವಳು ಅವನನ್ನೂ ಬಾವುಟವನ್ನೂ ನೋಡಿ ಅಳೆದಳು.

"ಇನ್ನೂ ಸ್ವಲ್ಪ ಮುಂದೆ ಹೋಗಿ."

ಅವನು ಹೋದ. ಅಲ್ಲಿ ದೀಪವಿರಲಿಲ್ಲ, ಬರೀ ಹುಲ್ಲು. ಚಂದ್ರಕಲಾ ಹೊಡೆದಳು, ನೀಲವೇಣಿ ಹೊಡೆದಳು. ಅವಳ ಗಮನ ಗಂಡನ ಮೇಲೇ ಇದ್ದು ಚೆಂಡು ಮರಳುಗುಂಡಿಗೆ ಬಿತ್ತು, ಕಪ್ಪು ಅಲ್ಲಿಗೇ ಕೈತಪ್ಪಿತು. ಅವಳು ಚೆಂಡಿನ ಕಡೆ ತಿರುಗಿಯೂ ನೋಡಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಆಟಗಾರ ಜಾಗ ಬಿಟ್ಟಿದ್ದಾನೆಂದು ಪರದೆ ಬಡಿದುಕೊಳ್ಳುತ್ತಿತ್ತು. ವಸುಮತಿ ಆರಿಸುವ ಗುಂಡಿಯಿಂದ ಬೆರಳು ತೆಗೆದು, ಕೈಯಾರೆ ಅಳತೆ ಹಾಕಿ, ಅವನ ಕಾಲ ಬಳಿ ಒಂದು ದೀಪ ಹೊತ್ತಿಸಿದರು. ಅದಕ್ಕೆ ಯಾವ ನಿಯಮದ ಆಧಾರವೂ ಇರಲಿಲ್ಲ.

ಸಿದ್ದರಾಜು ಮೆಲ್ಲಗೆ ಬೀಸಿದ. ಜ್ವರದ ನಂತರ ಮೊದಲ ಸಲ ಅವನ ಮೈ ತನ್ನಷ್ಟಕ್ಕೆ ತಾನು ತಿರುಗಿತು. ಸಿಡಿಲಿನ ಸದ್ದೇನೂ ಆಗಲಿಲ್ಲ. ಚೆಂಡು ಎದ್ದು, ಗಾಳಿಯಲ್ಲಿ ಸ್ವಲ್ಪ ಯೋಚಿಸಿ, ಬಾವುಟದ ಹತ್ತಿರ ಕೂತಿತು. ಮೊದಲು ಚಪ್ಪಾಳೆ ಹೊಡೆದವಳು ಹಗ್ಗದಾಚೆ ನಿಂತಿದ್ದ ದೇವೀರಮ್ಮ.

ಕಪ್ಪು ಚಂದ್ರಕಲಾಳಿಗೆ ಹೋಯಿತು. ಪಂದ್ಯ ನಡೆಸುವ ಸಂಘದವರು ಸಿದ್ದರಾಜುವನ್ನು ಪಂದ್ಯದಿಂದ ತೆಗೆದರು. ಸೂಜಿಮದ್ದಿನ ವಿಷಯವನ್ನೂ ಅವನೇ ಹೇಳಿದ, ಅದಕ್ಕೆ ಶಿಕ್ಷೆ ಏನೆಂದು ಹುಡುಕಿದರೆ ಅವರ ನಿಯಮಗಳಲ್ಲಿ ಇಂಥ ತಪ್ಪೇ ಇರಲಿಲ್ಲ. ಬಲ ಮುಚ್ಚಿಟ್ಟವನಿಗೆ ಶಿಕ್ಷೆಯಿತ್ತು, ಬಲಹೀನತೆ ಮುಚ್ಚಿಟ್ಟವನಿಗೆ ಇರಲಿಲ್ಲ. ಅವನಿಗೆ ಹೊಸ ಅಳತೆ ಮಾಡಿದರು, ಐವತ್ತೆಂಟು ಬಂತು. ಆಮೇಲೆ ಒಬ್ಬೊಬ್ಬರಾಗಿ ಬೇರೆಯವರೂ ಬಂದರು. ಮಂಡಿ ಸವೆದವರು, ಬೆನ್ನು ಹೋದವರು, ಬರೀ ವಯಸ್ಸಾದವರು. ನನ್ನದನ್ನೂ ಇನ್ನೊಂದು ಸಲ ನೋಡಿಬಿಡಿ ಡಾಕ್ಟ್ರೇ ಎಂದು ವಸುಮತಿಯ ಬಾಗಿಲಲ್ಲಿ ಸಂಕೋಚದಿಂದ ನಿಲ್ಲುತ್ತಿದ್ದರು. ಪರದೆಯ ಮೇಲಿನ ಅಗಳು ತುಂಬುತ್ತಾ ಬಂತು.

ಸಿದ್ದರಾಜು ಆಟ ಬಿಡಲಿಲ್ಲ. ಗೆಲ್ಲಲೂ ತೊಡಗಿದ. ಬಲವಿದ್ದಾಗ ಕಲಿಯಲು ಬಿಡುವಿಲ್ಲದ ಸಣ್ಣ ಹೊಡೆತಗಳನ್ನು ಹೆಂಡತಿಯಿಂದ ಕಲಿತ, ಈಗ ಮೊಣಕೈ ತಿದ್ದುವ ಸರದಿ ಅವಳದು. ಹೃದಯ ಮಾತ್ರ ಚುಚ್ಚಿಸಿಕೊಂಡದ್ದನ್ನು ಮರೆಯಲಿಲ್ಲ. ಅಳತೆಯಿಂದ ಅಳತೆಗೆ ಬಲಾಂಕ ಇಳಿಯಿತು, ದೀಪ ಮುಂದೆ ಮುಂದೆ ಸರಿಯಿತು. ನೀಲವೇಣಿ ತನ್ನ ಹೊಡೆತ ಮುಗಿಸಿ ಅವನ ಜೊತೆ ಅವನ ದೀಪದವರೆಗೆ ನಡೆಯುತ್ತಿದ್ದಳು. ಆ ನಡಿಗೆ ಪಂದ್ಯದಿಂದ ಪಂದ್ಯಕ್ಕೆ ಉದ್ದವಾಗುತ್ತಾ ಹೋಯಿತು. ಅವರು ಏನು ಮಾತಾಡಿಕೊಳ್ಳುತ್ತಿದ್ದರೋ ಯಾರಿಗೂ ಕೇಳುತ್ತಿರಲಿಲ್ಲ, ನಗುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ಚೀಲಕ್ಕೆ ಬಳೆ ಕಟ್ಟುವವರು ಆಮೇಲೆ ಯಾರೂ ಬರಲಿಲ್ಲ.

ಮುಂದಿನ ಕಪ್ಪಿಗೆ ಹೆಸರು ಕೊಟ್ಟು ಬಂದ ವಾರ, ಒಂದು ಬೆಳಿಗ್ಗೆ, ಬೂಟಿನ ದಾರ ಕಟ್ಟಿಕೊಳ್ಳುತ್ತಾ ಅವನು ಜಗಲಿಯ ಮೇಲೆ ಒರಗಿದ. ಅಷ್ಟೇ ಆಯಿತು.

ಕಾರ್ಯದ ದಿನ ಬಂಧುಬಳಗದ ಹಿರಿಯ ಹೆಂಗಸರು ರೂಢಿಯಂತೆ ನೀಲವೇಣಿಯನ್ನು ಕೂರಿಸಿಕೊಂಡು ಬಳೆ ಒಡೆಯಲು ಕೈ ಹಿಡಿದರು. ಹಸಿರು ಬಳೆ ಎರಡೇ ಉಳಿದಿದ್ದವು. ಮೂಲೆಯಲ್ಲಿ ಮುದುಡಿ ಕೂತಿದ್ದ ದೇವೀರಮ್ಮ ಎದ್ದುಬಂದು ಆ ಕೈಗಳನ್ನು ಬಿಡಿಸಿದಳು. ಗಂಡ ಸತ್ತಾಗ ತನ್ನ ಬಳೆ ಒಡೆಸಿಕೊಂಡು ತುಟಿ ಪಿಟಕ್ಕೆನ್ನದವಳು ಅವಳು.

"ಇವು ಗಂಡ ತೊಡಿಸಿದ ಬಳೆ ಅಲ್ಲ. ನನ್ ಮಗಂಗೆ ಜನ ಕೊಟ್ಟ ಬಳೆ. ಅವನ ಪಾಲಿಂದ ಇವಳು ತೊಟ್ಟವಳೆ. ಒಡೀಬ್ಯಾಡಿ."

ಯಾರೂ ಒಡೆಯಲಿಲ್ಲ.

ಕಪ್ಪಿನ ದಿನ ನೀಲವೇಣಿ ಆಡಲು ಬಂದಳು. ಬರುವುದಿಲ್ಲವೆಂದು ಎಲ್ಲರೂ ಎಣಿಸಿದ್ದರು. ಮೊದಲ ಕುಳಿಯಲ್ಲಿ ದೀಪಗಳು ಎದ್ದಾಗ ಒಂದು ಹೆಚ್ಚಿಗೆ ಎದ್ದಿತು. ಅದು ಟೀ ಬಳಿ ಇರಲಿಲ್ಲ. ದೂರದ ಹಸಿರಿನಲ್ಲಿ, ಬಾವುಟದ ಬುಡದಲ್ಲಿ, ಕುಳಿಯ ಬಾಯಿಗೆ ಒತ್ತಿಕೊಂಡು ಉರಿಯುತ್ತಿತ್ತು. ನಿಯಂತ್ರಣ ಕೊಠಡಿಯಲ್ಲಿ ವಸುಮತಿಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಸಿದ್ದರಾಜುವಿನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಅವನ ಬನಿಯನ್ನಿನಿಂದ ಏನೂ ಬಾರದಿದ್ದಾಗ ಯಂತ್ರ ತನಗೆ ಗೊತ್ತಿದ್ದಂತೆ ಸೊನ್ನೆ ಎಂದುಕೊಂಡಿತ್ತು. ಅವರು ಕಣ್ಣೊರೆಸಿಕೊಂಡು ಗುಂಡಿಯ ಕಡೆ ಕೈ ಚಾಚಿದರು. ಅಷ್ಟರಲ್ಲಿ ಮೈದಾನದಿಂದ ನೀಲವೇಣಿ ತೀರ್ಪು­ಗಾರನ ಮೂಲಕ ಹೇಳಿಕಳಿಸಿದಳು, ಅದು ಇರಲಿ, ಆರಿಸಬೇಡಿ ಎಂದು.

ಅವಳು ತನ್ನ ದೀಪದ ಬಳಿ ನಿಂತು ಮೊಳೆ ನೆಟ್ಟಳು. ಹಗ್ಗದಾಚೆ ನಿಂತಿದ್ದ ದೇವೀರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದಳು.

"ಅದ್ಯಾರ ದೀಪ ನೀಲ, ಅಷ್ಟು ದೂರದಲ್ಲಿ?"

"ನಿಮ್ಮ ಮಗಂದು ಅತ್ತೆ," ಎಂದಳು ನೀಲವೇಣಿ. "ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದಾರೆ."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀಲವೇಣಿ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಆ ದೀಪಕ್ಕೆ ಗುರಿಯಿಟ್ಟು, ಚೆಂಡು ಹೊಡೆದಳು.